ಹೊಸ ಅಡುಗೆಮನೆಗೆ ಮೊದಲು ಏನು ಕೊಳ್ಳಬೇಕು?

ಪ್ರಶ್ನೆ: ನಾನು ಧಾರವಾಡದ ಕಡೆಯವಳು, ನಮ್ಮ ಯಜಮಾನರು ಮಂಡ್ಯದವರು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದು ಮೂರು ತಿಂಗಳಾಯಿತು. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಅಡುಗೆಮನೆ ಚಿಕ್ಕದು, ಕಟ್ಟೆಯ ಮೇಲೆ ಗ್ಯಾಸ್ ಒಲೆ ಇಟ್ಟ ಮೇಲೆ ಎರಡು ಮೊಳ ಜಾಗ ಉಳಿಯುತ್ತದೆ. ಸದ್ಯಕ್ಕೆ ಉಡುಗೊರೆಯಾಗಿ ಬಂದ ಒಂದು ನಾನ್‌ಸ್ಟಿಕ್ ತವಾ, ನಾಲ್ಕು ಸ್ಟೀಲ್ ಪಾತ್ರೆ ಮತ್ತು ಅಜ್ಜಿ ಕೊಟ್ಟ ಒಂದು ಹಿತ್ತಾಳೆ ಪಾತ್ರೆ ಇವೆ. 15,000 ರೂಪಾಯಿ ಎತ್ತಿಟ್ಟಿದ್ದೇನೆ. ಏರ್ ಫ್ರೈಯರ್, ರೊಟ್ಟಿ ಮೇಕರ್, ವೆಟ್ ಗ್ರೈಂಡರ್, ತರಕಾರಿ ಚಾಪರ್ ಇವುಗಳಲ್ಲಿ ಯಾವುದನ್ನು ಮೊದಲು ಕೊಳ್ಳಲಿ? ಹಿತ್ತಾಳೆ ಪಾತ್ರೆಯಲ್ಲಿ ಅಡುಗೆ ಮಾಡಬಹುದೇ?

ಉತ್ತರ: ನಿಮ್ಮ ಪಟ್ಟಿಯಲ್ಲಿರುವ ನಾಲ್ಕರಲ್ಲಿ ಒಂದನ್ನೂ ಈಗಲೇ ಕೊಳ್ಳಬೇಡಿ. ಅವು ಕೆಟ್ಟ ಸಾಮಾನುಗಳೆಂದು ಹೀಗೆ ಹೇಳುತ್ತಿಲ್ಲ. ಪಟ್ಟಿಯಲ್ಲಿ ಕುಕ್ಕರ್ ಇಲ್ಲ, ಮಿಕ್ಸರ್ ಇಲ್ಲ, ಒಂದು ಒಳ್ಳೆಯ ಚಾಕುವೂ ಇಲ್ಲ ಎಂಬುದನ್ನು ನೋಡಿ ಹೇಳುತ್ತಿದ್ದೇನೆ. ಅಂಗಡಿಗೆ ಹೋಗುವ ಮೊದಲು ಒಂದು ಕಾಗದ ತೆಗೆದುಕೊಂಡು, ಕಳೆದ ಎರಡು ವಾರಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ನೀವು ನಿಜವಾಗಿ ಏನೇನು ಬೇಯಿಸಿದಿರಿ ಎಂದು ಬರೆಯಿರಿ. ಭಾನುವಾರದ ಅಡುಗೆಯನ್ನು ಬಿಟ್ಟುಬಿಡಿ. ಭಾನುವಾರ ನಾವೆಲ್ಲರೂ ಸ್ವಲ್ಪ ಬೇರೆಯೇ ಮನುಷ್ಯರಾಗಿರುತ್ತೇವೆ. ವಾರದಲ್ಲಿ ಮೂರು ದಿನವಾದರೂ ಕೈಗೆ ಬರುವ ಉಪಕರಣಕ್ಕೆ ಕಟ್ಟೆಯ ಮೇಲೆ ಜಾಗ ಕೊಡಿ, ಉಳಿದದ್ದನ್ನು ಕೊಳ್ಳುವುದು ಆರು ತಿಂಗಳು ತಡವಾದರೆ ನಷ್ಟವೇನೂ ಇಲ್ಲ. ಅದರ ಜೊತೆಗೆ, ಅದು ಉಳಿಸಿಕೊಡುವ ಸಮಯವನ್ನೂ ಅದನ್ನು ಬಿಚ್ಚಿ ತೊಳೆದು ಒರೆಸಿಡಲು ಹಿಡಿಯುವ ಸಮಯವನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಮ್ಮ ಮನೆಯ ಅಟ್ಟದ ಮೇಲೆ ಒಂದು ಜ್ಯೂಸರ್ ಹದಿನಾಲ್ಕು ವರ್ಷಗಳಿಂದ ಕುಳಿತಿದೆ. ಎರಡು ಲೋಟ ಕ್ಯಾರೆಟ್ ರಸಕ್ಕಾಗಿ ಏಳು ಬಿಡಿ ಭಾಗಗಳನ್ನು ತೊಳೆಯಬೇಕಾದ ಯಂತ್ರವದು.

ಮೊದಲನೆಯದು ಕುಕ್ಕರ್. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿ ಮುಟ್ಟುವ ಮೊದಲೇ, ಸುಮಾರು 97 ಡಿಗ್ರಿಯಲ್ಲಿ ಕುದಿಯುತ್ತದೆ. ಮೂರು ಡಿಗ್ರಿ ಏನು ಮಹಾ ಎನಿಸಬಹುದು, ಆದರೆ ತೊಗರಿಬೇಳೆಗೆ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ಕರಾವಳಿಯಿಂದ ಬಂದವರು ಇಲ್ಲಿ ಬೇಳೆ ಬೇಗ ಬೇಯುವುದಿಲ್ಲ ಎಂದು ಗೊಣಗುವುದಕ್ಕೆ ಗಡಸು ನೀರಿನ ಜೊತೆಗೆ ಇದೂ ಒಂದು ಕಾರಣ. ಕುಕ್ಕರಿನ ವೆಯ್ಟ್ ಒಳಗಿನ ಆವಿಯನ್ನು ತಡೆದು, ಹೊರಗಿನ ಗಾಳಿಯ ಒತ್ತಡದ ಮೇಲೆ ಇನ್ನೂ ಹೆಚ್ಚುಕಡಿಮೆ ಅಷ್ಟೇ ಒತ್ತಡವನ್ನು ಏರಿಸುತ್ತದೆ. ಆಗ ನೀರು ಸುಮಾರು 120 ಡಿಗ್ರಿಯವರೆಗೂ ಕಾಯುತ್ತದೆ. ಡೆನಿಸ್ ಪಪ್ಯಾಂ ಎಂಬ ಫ್ರೆಂಚ್ ವಿಜ್ಞಾನಿ 1679ರಲ್ಲಿ ಮೂಳೆಗಳನ್ನು ಮೆತ್ತಗಾಗಿಸಲು ಮಾಡಿದ ಪಾತ್ರೆಯ ತತ್ತ್ವವೂ ಇದೇ. ನಮ್ಮ ದೇಶದಲ್ಲಿ ಮನೆಬಳಕೆಯ ಕುಕ್ಕರುಗಳ ತಯಾರಿಕೆ 1959ರ ಸುಮಾರಿಗೆ ಆರಂಭವಾಯಿತು.

ಇಬ್ಬರಿಗೆ ಮೂರು ಲೀಟರಿನದು ಸಾಕೆಂದು ಅಂಗಡಿಯವರು ಹೇಳುತ್ತಾರೆ. ನಾನು ಐದು ಲೀಟರಿನದನ್ನು ಸೂಚಿಸುತ್ತೇನೆ, ಏಕೆಂದರೆ ಅದರಲ್ಲಿ ಒಂದರ ಮೇಲೊಂದು ಎರಡು ಒಳಪಾತ್ರೆ ಇಟ್ಟು, ಕೆಳಗೆ ಬೇಳೆ ಮೇಲೆ ಅಕ್ಕಿ ಹಾಕಿ, ಒಂದೇ ಉರಿಯಲ್ಲಿ ಎರಡನ್ನೂ ಇಳಿಸಬಹುದು. ಹಾಗೆ ಮಾಡುವಾಗ ಅಲ್ಯೂಮಿನಿಯಂ ಕುಕ್ಕರಿನ ತಳದ ನೀರಿಗೆ ಹಿಂಡಿದ ನಿಂಬೆಯ ಒಂದು ಸಿಪ್ಪೆ ಹಾಕಿದರೆ ಒಳಗೋಡೆ ಕಪ್ಪಾಗುವುದಿಲ್ಲ. ಹುಳಿ, ಸಾರು, ಟೊಮೇಟೊ ಹಾಕಿದ ಪಲಾವ್ ಇವುಗಳನ್ನು ನೇರವಾಗಿ ಕುಕ್ಕರಿನಲ್ಲೇ ಮಾಡುವ ರೂಢಿ ಇದ್ದರೆ ಸ್ಟೀಲಿನದನ್ನೇ ಕೊಳ್ಳಿ. ಆದರೆ ತಳದಲ್ಲಿ ಅಲ್ಯೂಮಿನಿಯಂ ಪದರವಿರುವ ದಪ್ಪ ತಳದ್ದೇ ಆಗಬೇಕು. ಸ್ಟೇನ್‌ಲೆಸ್ ಸ್ಟೀಲ್ ಅಲ್ಯೂಮಿನಿಯಂನ ಹತ್ತನೆಯ ಒಂದು ಭಾಗದಷ್ಟೂ ಚೆನ್ನಾಗಿ ಶಾಖವನ್ನು ಹರಡುವುದಿಲ್ಲ, ಹೀಗಾಗಿ ತೆಳುವಾದ ಸ್ಟೀಲ್ ತಳದಲ್ಲಿ ಉರಿ ತಾಗಿದಲ್ಲಿ ಮಾತ್ರ ಅನ್ನ ಸೀದು ಉಳಿದ ಕಡೆ ನೀರುನೀರಾಗಿರುತ್ತದೆ.

ಕೂಗುಗಳನ್ನು ಎಣಿಸುವ ಅಭ್ಯಾಸವನ್ನು ಬಿಟ್ಟುಬಿಡಿ ಎಂದರೆ ನಿಮ್ಮ ಅತ್ತೆಯವರೂ ಅಮ್ಮನವರೂ ಒಟ್ಟಿಗೆ ನನ್ನ ಮೇಲೆ ಸಿಟ್ಟಾಗಬಹುದು. ಆದರೂ ಹೇಳಲೇಬೇಕು. ದೊಡ್ಡ ಉರಿಯಲ್ಲಿ ನಾಲ್ಕು ನಿಮಿಷಕ್ಕೆ ನಾಲ್ಕು ಕೂಗು ಬರುತ್ತದೆ, ಸಣ್ಣ ಉರಿಯಲ್ಲಿ ಹತ್ತು ನಿಮಿಷಕ್ಕೆ ಒಂದು. ಬೇಳೆಯನ್ನು ಬೇಯಿಸುವುದು ಶಾಖ ಮತ್ತು ಸಮಯ, ಸದ್ದು ಅಲ್ಲ. ಮೊದಲ ಕೂಗು ಬಂದ ಕೂಡಲೇ ಉರಿ ತಗ್ಗಿಸಿ ಗಡಿಯಾರ ನೋಡಿ, ತೊಗರಿಬೇಳೆಗೆ ಏಳೆಂಟು ನಿಮಿಷ ಕೊಟ್ಟು ಆರಿಸಿ, ಒತ್ತಡ ತಾನಾಗಿ ಇಳಿಯಲಿ. ಬೇಳೆಕಾಳುಗಳನ್ನು ನೇರವಾಗಿ ಹಾಕುವುದಾದರೆ ಅರ್ಧ ಕುಕ್ಕರಿಗಿಂತ ಹೆಚ್ಚು ತುಂಬಬಾರದು. ಪ್ರತಿ ಸಲ ಮುಚ್ಚಳ ಹಾಕುವ ಮುನ್ನ ಅದನ್ನು ಬೆಳಕಿಗೆ ಹಿಡಿದು ವೆಯ್ಟ್ ಕೂರುವ ಕೊಳವೆಯ ತೂತಿನಲ್ಲಿ ಆಚೆಯ ಬೆಳಕು ಕಾಣುತ್ತದೆಯೇ ನೋಡಿ. ನಾನೇ ಒಮ್ಮೆ ಸಂಕ್ರಾಂತಿಯ ಬೆಳಗ್ಗೆ ಹೆಸರುಬೇಳೆಯನ್ನು ಅಳತೆ ಮೀರಿ ತುಂಬಿ, ನೊರೆ ಉಕ್ಕಿ ತೂತು ಕಟ್ಟಿಕೊಂಡು, ಸೇಫ್ಟಿ ವಾಲ್ವ್ ಕರಗಿ ಹಾರಿ, ಚಾವಣಿಗೆಲ್ಲ ಪೊಂಗಲ್ ಮೆತ್ತಿಸಿಕೊಂಡಿದ್ದೇನೆ. ವಾಲ್ವ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು, ತಪ್ಪು ಪೂರ್ತಿಯಾಗಿ ನನ್ನದು.

ಎರಡನೆಯದು ಮಿಕ್ಸರ್, ಇಲ್ಲಿಯೇ ವೆಟ್ ಗ್ರೈಂಡರಿನ ವಿಚಾರವನ್ನೂ ಮುಗಿಸೋಣ. ಬಾಂಬೆಯಲ್ಲಿ 1960ರ ದಶಕದಲ್ಲಿ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರು ಸುಮೀತ್ ಮಿಕ್ಸರನ್ನು ರೂಪಿಸಿದ್ದು, ಮನೆಯಲ್ಲಿದ್ದ ಜರ್ಮನ್ ಯಂತ್ರ ನಮ್ಮ ಅಡುಗೆಯ ರುಬ್ಬುವಿಕೆಯನ್ನು ತಾಳಲಾರದೆ ಕೈಕೊಟ್ಟ ಮೇಲೆ. ಒಣ ಅರಿಶಿನ ಕೊಂಬು, ಒಣ ಕೊಬ್ಬರಿ, ನೆನೆದ ಅಕ್ಕಿ ಇವುಗಳನ್ನೆಲ್ಲ ಒಂದೇ ಯಂತ್ರ ಪುಡಿ ಮಾಡಬೇಕೆಂಬ ಬೇಡಿಕೆ ನಮ್ಮದೇ ಆದದ್ದು. ಆದ್ದರಿಂದ 750 ವ್ಯಾಟ್‌ಗಿಂತ ಕಡಿಮೆ ಶಕ್ತಿಯ ಮೋಟಾರು ಬೇಡ. ಮೂರು ಜಾರುಗಳು ಸಾಕು, ಅದರಲ್ಲಿ ಚಟ್ನಿಯ ಸಣ್ಣ ಜಾರು ಎಷ್ಟು ಚಿಕ್ಕದಿದೆ ಎಂದು ಕೈಯಲ್ಲಿ ಹಿಡಿದು ನೋಡಿ. ಇಬ್ಬರಿಗಾಗುವಷ್ಟು ಚಟ್ನಿಯ ಕಾಯಿ ಅಗಲವಾದ ಜಾರಿನ ಗೋಡೆಗೆ ಅಂಟಿಕೊಂಡು ಬ್ಲೇಡಿಗೆ ಸಿಗುವುದೇ ಇಲ್ಲ. ಯಂತ್ರವನ್ನು ಒಂದು ನಿಮಿಷ ಓಡಿಸಿ, ಅರ್ಧ ನಿಮಿಷ ನಿಲ್ಲಿಸಿ, ಮತ್ತೆ ಓಡಿಸುವುದು ರೂಢಿಯಾಗಲಿ. ಹಠಾತ್ತನೆ ನಿಂತುಹೋದರೆ ರಿಪೇರಿಗೆ ಒಯ್ಯುವ ಮೊದಲು ಕೆಳಭಾಗದಲ್ಲಿ ಒಂದು ಸಣ್ಣ ಕೆಂಪು ಗುಂಡಿ ಇದೆಯೇ ನೋಡಿ. ಭಾರ ಹೆಚ್ಚಾದಾಗ ಅದು ಹೊರಬಂದು ಮೋಟಾರನ್ನು ಕಾಪಾಡುತ್ತದೆ, ಹತ್ತು ನಿಮಿಷ ಬಿಟ್ಟು ಒತ್ತಿದರೆ ಮತ್ತೆ ಓಡುತ್ತದೆ.

ಗ್ರೈಂಡರು ಮಿಕ್ಸರಿಗಿಂತ ಚೆನ್ನಾಗಿ ರುಬ್ಬುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮಿಕ್ಸರಿನ ಬ್ಲೇಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ ಉದ್ದಿನಬೇಳೆಯನ್ನು ಕತ್ತರಿಸುತ್ತದೆ ಮತ್ತು ಬಿಸಿ ಮಾಡುತ್ತದೆ. ಕಲ್ಲು ಹಾಗಲ್ಲ, ಒರಳಿನ ಗುಂಡಿನ ಹಾಗೆ ನಿಧಾನವಾಗಿ ಅರೆಯುತ್ತ, ಉದ್ದಿನ ಲೋಳೆಯೊಳಗೆ ಗಾಳಿಯನ್ನು ಸೇರಿಸುತ್ತ, ಹಿಟ್ಟನ್ನು ತಣ್ಣಗೇ ಇಟ್ಟು ಉಬ್ಬಿಸುತ್ತದೆ. ಕೊಯಮತ್ತೂರಿನ ವೆಟ್ ಗ್ರೈಂಡರಿಗೆ ಭೌಗೋಳಿಕ ಸೂಚಿಯ ಮನ್ನಣೆಯೂ ಇದೆ, ಅಂದರೆ ಮೈಸೂರು ರೇಷ್ಮೆ, ಮೈಸೂರು ಮಲ್ಲಿಗೆಯ ಸಾಲಿನಲ್ಲಿ ಒಂದು ರುಬ್ಬುವ ಯಂತ್ರವೂ ನಿಂತಿದೆ. ಆದರೆ ಅದು ತೂಕದ ಸಾಮಾನು, ನಿಮ್ಮ ಎರಡು ಮೊಳ ಕಟ್ಟೆಯಲ್ಲಿ ಒಂದು ಮೊಳವನ್ನು ಅದೇ ನುಂಗುತ್ತದೆ, ಮತ್ತು ಒಂದು ಪಾವು ಉದ್ದಿಗಾಗಿ ಅದನ್ನು ತೊಳೆಯುವುದು ಬೇಸರದ ಕೆಲಸ. ವಾರಕ್ಕೊಮ್ಮೆ ದೋಸೆಹಿಟ್ಟು ಮಾಡುವ ಇಬ್ಬರ ಮನೆಗೆ ಮಿಕ್ಸರೇ ಸಾಕು, ಒಂದು ಉಪಾಯವಿದೆ. ಉದ್ದನ್ನು ಫ್ರಿಜ್ಜಿನೊಳಗೇ ನೆನೆಸಿಟ್ಟು, ಐಸ್ ನೀರನ್ನು ಸ್ವಲ್ಪಸ್ವಲ್ಪವೇ ಹಾಕುತ್ತ, ನಡುನಡುವೆ ನಿಲ್ಲಿಸಿ ರುಬ್ಬಿ. ಒಂದು ಹನಿ ಹಿಟ್ಟನ್ನು ಲೋಟದ ನೀರಿಗೆ ಬಿಟ್ಟಾಗ ಅದು ಮುಳುಗದೆ ತೇಲಿದರೆ ಉದ್ದು ಹದಕ್ಕೆ ಬಂದಿದೆ. ವಾರದಲ್ಲಿ ಮೂರು ದಿನ ಇಡ್ಲಿ ದೋಸೆ ಮಾಡುವಂತಾದಾಗ, ಅಥವಾ ಮನೆಯಲ್ಲಿ ಜನ ಹೆಚ್ಚಾದಾಗ, ಗ್ರೈಂಡರನ್ನು ಧಾರಾಳವಾಗಿ ಕೊಳ್ಳಿ.

ಇನ್ನು ಕಾವಲಿಯ ವಿಚಾರ. ಈ ಉತ್ತರದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಿಮ್ಮಲ್ಲಿರುವ ನಾನ್‌ಸ್ಟಿಕ್ ತವಾವನ್ನು ಎಸೆಯಬೇಕಾಗಿಲ್ಲ, ಆಮ್ಲೆಟ್‌ಗೆ, ಮೆಂತ್ಯದ ದೋಸೆಯಂಥ ಮೆತ್ತನೆಯವಕ್ಕೆ ಇರಲಿ. ಆದರೆ ಅದನ್ನು ಖಾಲಿಯಾಗಿ ದೊಡ್ಡ ಉರಿಯಲ್ಲಿ ಕಾಯಿಸಬೇಡಿ. ಅದರ ಮೇಲಿನ ಲೇಪ, 1938ರಲ್ಲಿ ಅಮೆರಿಕದಲ್ಲಿ ಆಕಸ್ಮಿಕವಾಗಿ ದೊರೆತ ಟೆಫ್ಲಾನ್, ಸುಮಾರು 260 ಡಿಗ್ರಿ ದಾಟಿದ ಮೇಲೆ ಕೆಡತೊಡಗುತ್ತದೆ. ಗ್ಯಾಸ್ ಒಲೆಯ ಮೇಲೆ ಮರೆತುಬಿಟ್ಟ ಖಾಲಿ ತವಾ ಆ ಬಿಸಿ ಮುಟ್ಟಲು ಕೆಲವೇ ನಿಮಿಷ ಸಾಕು. ಜೋಳದ ರೊಟ್ಟಿಗೂ ಗರಿಗರಿ ದೋಸೆಗೂ ಹೀಗೆ ಖಾಲಿಯಾಗಿಯೇ ಚೆನ್ನಾಗಿ ಕಾಯಿಸಬೇಕಾಗುತ್ತದೆ. ಆದ್ದರಿಂದ ಈ ಎರಡಕ್ಕೂ ಕಬ್ಬಿಣವೇ ಸರಿ.

ದೋಸೆಗೆ ಬೀಡು ಕಬ್ಬಿಣದ ಕಾವಲಿ ಕೊಳ್ಳಿ. ಬೀಡು ಶಾಖವನ್ನು ನಿಧಾನವಾಗಿ ತೆಗೆದುಕೊಳ್ಳುತ್ತದೆ, ಆದರೆ ಒಮ್ಮೆ ಕಾದರೆ ಒಂದು ಸೌಟು ತಣ್ಣನೆಯ ಹಿಟ್ಟು ಬಿದ್ದರೂ ತನ್ನ ಬಿಸಿಯನ್ನು ಬಿಟ್ಟುಕೊಡುವುದಿಲ್ಲ. ದಪ್ಪ ಮತ್ತು ಭಾರವೇ ಅದರ ಗುಣ. ಹೊಸ ಕಾವಲಿಯನ್ನು ಪಳಗಿಸಬೇಕು. ಮೊದಲು ಸೋಪು ಹಾಕಿ ಚೆನ್ನಾಗಿ ತಿಕ್ಕಿ ಕಾರ್ಖಾನೆಯ ಎಣ್ಣೆಯನ್ನೂ ಧೂಳನ್ನೂ ತೆಗೆಯಿರಿ. ಅನ್ನ ಬಸಿದ ಗಂಜಿಯಲ್ಲಿ ಎರಡು ದಿನ ನೆನೆಹಾಕುವುದು ನಮ್ಮ ಹಿರಿಯರ ಕ್ರಮ. ಪ್ರತಿದಿನ ಗಂಜಿ ಬದಲಾಯಿಸಿ, ತಿಕ್ಕಿ, ತೊಳೆದು, ಒಲೆಯ ಮೇಲಿಟ್ಟು ಪೂರ್ತಿ ಒಣಗಿಸಿ. ಆಮೇಲೆ ಅರ್ಧ ಚಮಚ ಎಣ್ಣೆಯನ್ನು ಬಟ್ಟೆಯಿಂದ ಸವರಿ, ಎಣ್ಣೆಯೇ ಹಾಕಿಲ್ಲವೇನೋ ಎನ್ನುವಷ್ಟು ಒರೆಸಿ ತೆಗೆದು, ಸಣ್ಣಗೆ ಹೊಗೆಯಾಡುವವರೆಗೆ ಕಾಯಿಸಿ ಆರಲು ಬಿಡಿ. ಹೀಗೆ ನಾಲ್ಕೈದು ಸಲ. ಎಣ್ಣೆ ಆ ಬಿಸಿಯಲ್ಲಿ ಎಣ್ಣೆಯಾಗಿ ಉಳಿಯದೆ, ಕಬ್ಬಿಣಕ್ಕೆ ಅಂಟಿದ ಗಟ್ಟಿಯಾದ ತೆಳುಪದರವಾಗುತ್ತದೆ. ಹಳೆಯ ಕಾವಲಿಯ ಕಪ್ಪು ಹೊಳಪು ಎಂದರೆ ಇದೇ. ಎಣ್ಣೆ ಹೆಚ್ಚಾದರೆ ಪದರವು ಅಂಟಂಟಾಗಿ ಎದ್ದುಬರುತ್ತದೆ, ಹೊಸಬರು ಸೋಲುವುದು ಮುಖ್ಯವಾಗಿ ಇಲ್ಲಿಯೇ. ಮೊದಲ ನಾಲ್ಕು ದೋಸೆ ಚೂರುಚೂರಾಗುತ್ತವೆ, ಅವನ್ನು ಹಾಗೆಯೇ ತಿಂದು ಮುಗಿಸಿ.

ದೋಸೆ ಹುಯ್ಯುವಾಗ ಕಾವಲಿ ಅತಿ ಬಿಸಿಯಾಗಿದ್ದರೆ ಹಿಟ್ಟು ಸೌಟಿಗೇ ಸುತ್ತಿಕೊಂಡು ಬರುತ್ತದೆ. ನೀರು ಚಿಮುಕಿಸಿ ನೋಡಿ. ಹನಿಗಳು ಮುತ್ತಿನಂತೆ ಉರುಳಾಡಿದರೆ ಅವುಗಳ ಕೆಳಗೆ ಆವಿಯ ಹಾಸಿಗೆ ಎದ್ದಿದೆ ಎಂದರ್ಥ, ಅಂದರೆ ಕಾವು ಮಿತಿ ಮೀರಿದೆ. ಚೊಂಯ್ ಎಂದು ಸದ್ದು ಮಾಡಿ ಕೂಡಲೇ ಆರಿದರೆ ಸರಿ. ಗಾಂಧಿಬಜಾರಿನ ಹೋಟೆಲುಗಳಲ್ಲಿ ಅಡುಗೆಯವರು ಪ್ರತಿ ಸುತ್ತಿಗೂ ನೀರು ಎರಚಿ ಪೊರಕೆಯಿಂದ ಗುಡಿಸುವುದು ಕಾವಲಿಯನ್ನು ಶುಚಿ ಮಾಡಲು ಮಾತ್ರವಲ್ಲ, ಕಾವನ್ನು ಹುಯ್ಯುವ ಹದಕ್ಕೆ ಇಳಿಸಲು ಕೂಡ. ಮನೆಯಲ್ಲಿ ಆ ಕೆಲಸಕ್ಕೆ ಫೋರ್ಕಿಗೆ ಚುಚ್ಚಿದ ಅರ್ಧ ಈರುಳ್ಳಿ ಸಾಕು. ಹುಳಿ ಪದಾರ್ಥವನ್ನು ಈ ಕಾವಲಿಯಲ್ಲಿ ಬೇಯಿಸಬೇಡಿ, ತೊಳೆದ ಮೇಲೆ ಒದ್ದೆಯಾಗಿ ಇಡಬೇಡಿ.

ರೊಟ್ಟಿ ಮೇಕರಿನ ಬಗ್ಗೆ ನಿಮಗೆ ನಾನು ಹೇಳಬೇಕೇ? ಜೋಳದ ಹಿಟ್ಟಿಗೆ ಗೋಧಿಯ ಅಂಟು ಇಲ್ಲ. ಕುದಿಯುವ ನೀರು ಹಾಕಿ ಕಲಸಿದಾಗ ಬರುವ ಸ್ವಲ್ಪ ಜಿಗುಟನ್ನೇ ನಂಬಿ, ತಿರುಗಿಸುತ್ತ ತಿರುಗಿಸುತ್ತ ಕೈಯಲ್ಲಿ ಬಡಿಯಬೇಕು. ಎರಡು ತಟ್ಟೆಗಳ ನಡುವೆ ಅದನ್ನು ಒಮ್ಮೆಲೇ ಒತ್ತಿದರೆ ಅಂಚೆಲ್ಲ ಸೀಳುತ್ತದೆ. ಅದೇ ಹಣದಲ್ಲಿ ಒಂದು ಅಗಲವಾದ, ಸಮತಟ್ಟಾದ ಕಬ್ಬಿಣದ ರೊಟ್ಟಿ ಹಂಚು ಬರುತ್ತದೆ. ಯಜಮಾನರ ಮುದ್ದೆಗೆ ಒಂದು ಗಟ್ಟಿ ಮುದ್ದೆಕೋಲು ಮತ್ತು ಪಾತ್ರೆಯನ್ನು ಅಲುಗಾಡದಂತೆ ಹಿಡಿಯುವ ಕವೆಗೋಲು ಬೇಕು, ಮಂಡ್ಯದ ಸಂತೆಯಲ್ಲಿ ಇವೆರಡೂ ಸಿಗುತ್ತವೆ. ಮುಂದಿನ ಸಲ ಊರಿಗೆ ಹೋದಾಗ ತನ್ನಿ.

ತರಕಾರಿ ಚಾಪರಿನ ಬದಲು ಚಾಕು. ಎಂಟು ಅಂಗುಲ ಅಲಗಿನ ಒಂದು, ಸಿಪ್ಪೆ ತೆಗೆಯಲು ನಾಲ್ಕು ಅಂಗುಲದ ಒಂದು, ಮರದ ಒಂದು ಹಲಗೆ. ಗಾಜಿನ ಹಲಗೆ ನೋಡಲು ಚೆನ್ನ, ಆದರೆ ಚಾಕುವಿನ ಹರಿತವನ್ನು ವಾರದಲ್ಲಿ ಮುಗಿಸುತ್ತದೆ. ಮೊಂಡಾದಾಗ ಸಾಣೆಕಲ್ಲು ಹುಡುಕುತ್ತ ಹೋಗಬೇಕಾಗಿಲ್ಲ. ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ತಳದ ಹೊಳಪಿಲ್ಲದ ಒರಟು ಉಂಗುರದ ಮೇಲೆ ಅಲಗನ್ನು ಓರೆಯಾಗಿ ಎರಡೂ ಬದಿ ಹತ್ತು ಹತ್ತು ಸಲ ಎಳೆದರೆ ಟೊಮೇಟೊ ಸಿಪ್ಪೆ ಕತ್ತರಿಸುವಷ್ಟು ಹರಿತ ಬರುತ್ತದೆ. ನನ್ನ ಮಟ್ಟಿಗೆ ಈಳಿಗೆಮಣೆಗೆ ಸಮನಾದದ್ದು ಇನ್ನೂ ಬಂದಿಲ್ಲ. ಅಲಗು ನೆಟ್ಟಗೆ ನಿಂತಿರುವುದರಿಂದ ಎರಡೂ ಕೈ ತರಕಾರಿಯ ಮೇಲಿರುತ್ತವೆ, ಒಂದು ಹಿಡಿ ಹುರುಳಿಕಾಯಿಯನ್ನು ಒಟ್ಟಿಗೆ ತಳ್ಳುತ್ತ ಹೋದರೆ ಕೆಳಗಿನ ತಟ್ಟೆಗೆ ಒಂದೇ ಅಳತೆಯ ಚೂರುಗಳು ಉದುರುತ್ತವೆ. ತುದಿಯ ಹಲ್ಲಿನಲ್ಲಿ ತೆಂಗಿನಕಾಯಿಯೂ ತುರಿದಾಯಿತು. ನೆಲದ ಮೇಲೆ ಕೂರುವ ಅಭ್ಯಾಸವಿಲ್ಲದವರಿಗೆ ಮಾತ್ರ ಅದು ಅಪಾಯ. ಹಾಗಿದ್ದರೆ ಬುಡದಲ್ಲಿ ರಬ್ಬರ್ ಇದ್ದು ಕಟ್ಟೆಗೆ ಹೀರಿಕೊಂಡು ನಿಲ್ಲುವ, ಕೈಯಲ್ಲಿ ತಿರುಗಿಸುವ ಕಾಯಿತುರಿ ಕೊಳ್ಳಿ. ನುಣುಪಾದ ಗ್ರಾನೈಟಿನ ಮೇಲೆ ಬುಡವನ್ನು ಸ್ವಲ್ಪ ಒದ್ದೆ ಮಾಡಿ ಒತ್ತಿದರೆ ಅದು ಕದಲುವುದಿಲ್ಲ. ಟೈಲ್ಸ್ ಕಟ್ಟೆಯಾದರೆ ಸಂದುಗಳಲ್ಲಿ ಗಾಳಿ ನುಗ್ಗಿ ಕಾಯಿಯ ಸಮೇತ ಕಳಚಿ ಬರುತ್ತದೆ.

ನೀವು ಕೇಳದ ಒಂದು ಸಣ್ಣ ಸಾಮಾನನ್ನು ನಾನಾಗಿಯೇ ಸೇರಿಸುತ್ತೇನೆ, ಒಗ್ಗರಣೆ ಸೌಟು. ಒಂದು ಚಮಚ ಎಣ್ಣೆ ಅಗಲವಾದ ಬಾಣಲೆಯಲ್ಲಿ ಹರಡಿ ಹಾಳೆಯಷ್ಟು ತೆಳುವಾಗುತ್ತದೆ, ಸಾಸಿವೆಯ ಬುಡ ಮಾತ್ರ ಎಣ್ಣೆಯಲ್ಲಿದ್ದು ಮೇಲ್ಭಾಗ ಗಾಳಿಯಲ್ಲಿರುತ್ತದೆ, ಅರ್ಧ ಸಿಡಿಯುವ ಮೊದಲೇ ಉಳಿದರ್ಧ ಕರಕಾಗುತ್ತದೆ. ಕುಳಿಯಾದ ಸೌಟಿನಲ್ಲಿ ಅದೇ ಒಂದು ಚಮಚದಲ್ಲಿ ಸಾಸಿವೆ ಪೂರ್ತಿ ಮುಳುಗಿ ಒಟ್ಟಿಗೆ ಚಟಪಟ ಎನ್ನುತ್ತದೆ. ಇಂಗು, ಕರಿಬೇವು ಹಾಕಿ ಸಾರಿನ ಪಾತ್ರೆಯೊಳಗೇ ಸೌಟನ್ನು ಅದ್ದಿದರೆ ಒಂದು ಹನಿಯೂ ವ್ಯರ್ಥವಿಲ್ಲ. ಕೊಳ್ಳುವಾಗ ಅಂಗಡಿಯ ಮೇಜಿನ ಮೇಲೆ ಖಾಲಿಯಾಗಿ ಇಟ್ಟು ನೋಡಿ, ಹಿಡಿಯ ಭಾರಕ್ಕೆ ವಾಲುವಂಥದ್ದು ಒಲೆಯ ಮೇಲೂ ವಾಲುತ್ತದೆ, ಅದೂ ಕಾದ ಎಣ್ಣೆಯ ಸಮೇತ.

ಏರ್ ಫ್ರೈಯರ್ ಎಂದರೆ ಫ್ಯಾನು ಇರುವ ಚಿಕ್ಕ ಓವನ್. ಬದನೆಕಾಯಿ ಸುಡಲು, ಕಡಲೆಬೀಜ ಹುರಿಯಲು, ನಿನ್ನೆಯ ಸಮೋಸ ಬಿಸಿ ಮಾಡಲು ಚೆನ್ನಾಗಿದೆ. ಬಜ್ಜಿಯ ನೀರು ಹಿಟ್ಟು ಮಾತ್ರ ಜಾಲರಿಯಿಂದ ತೊಟ್ಟಿಕ್ಕಿ ಕೆಳಗೆ ಒಣಗುತ್ತದೆ. ಬಜ್ಜಿಗೆಂದೇ ನೋಡುತ್ತಿದ್ದರೆ ಬೇಡ.

ನಿಮ್ಮ ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಕುಕ್ಕರ್ ಮತ್ತು ಮಿಕ್ಸರಿಗೆ ಹೋಗಲಿ, ಇಲ್ಲಿ ಚೌಕಾಸಿ ಮಾಡಬೇಡಿ. ಕಾವಲಿ, ಹಂಚು, ಚಾಕು, ಸೌಟು ಇವೆಲ್ಲ ಸೇರಿದರೂ ಸ್ವಲ್ಪ ಹಣ ಉಳಿಯಬೇಕು. ಅದನ್ನು ಅಜ್ಜಿಯ ಹಿತ್ತಾಳೆ ಪಾತ್ರೆಗೆ ಖರ್ಚು ಮಾಡಿ. ಒಳಗೆ ಬೆಳ್ಳಿಯಂಥ ಬಿಳುಪು ಉಳಿದಿದ್ದರೆ ಕಲಾಯಿ, ಅಂದರೆ ತವರದ ಲೇಪ, ಇದೆ. ಹಳದಿ ಅಥವಾ ಕೆಂಪು ಛಾಯೆ ಕಾಣುತ್ತಿದ್ದರೆ ಕಲಾಯಿ ಸವೆದಿದೆ, ಅಂಥದರಲ್ಲಿ ಹುಣಸೆ, ಮೊಸರು, ಟೊಮೇಟೊ ಹಾಕಿದರೆ ತಾಮ್ರದ ಅಂಶ ಬಿಟ್ಟುಕೊಂಡು ಅಡುಗೆ ಕಿಲುಬು ಹಿಡಿಯುತ್ತದೆ. ಹಳೆಯ ಪೇಟೆಗಳ ಪಾತ್ರೆ ಅಂಗಡಿಯಲ್ಲಿ ಕೇಳಿದರೆ ಕಲಾಯಿ ಹಾಕುವವರ ದಾರಿ ತೋರಿಸುತ್ತಾರೆ. ಅವರು ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಬಿಳಿ ಹೊಗೆ ಏಳುತ್ತಿದ್ದಂತೆ ತವರದ ಕಡ್ಡಿಯನ್ನು ಒಳಗೆ ತಾಗಿಸಿ, ಹತ್ತಿಯ ಉಂಡೆಯಿಂದ ಒಂದೇ ಬೀಸಿಗೆ ಹರಡುತ್ತಾರೆ. ಪಾತ್ರೆಗೆ ತವರವನ್ನೇ ಹಾಕಬೇಕು, ಸೀಸ ಬೆರೆಸಿದ ಬೆಸುಗೆ ಲೋಹವನ್ನಲ್ಲ ಎಂದು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ, ನಿಮ್ಮ ಎದುರಿಗೇ ಹಾಕಿಸಿ. ತವರ 232 ಡಿಗ್ರಿಯಲ್ಲಿ ಕರಗುವ ಲೋಹವಾದ್ದರಿಂದ ಆ ಪಾತ್ರೆಯನ್ನು ನೀರಿಲ್ಲದೆ ಒಲೆಯ ಮೇಲಿಡಬೇಡಿ, ಅದರಲ್ಲಿ ಒಗ್ಗರಣೆ ಹಾಕಬೇಡಿ, ಕಬ್ಬಿಣದ ನಾರಿನಿಂದ ತಿಕ್ಕಬೇಡಿ. ಮನೆಗೆ ತಂದ ದಿನ ತುಂಬ ನೀರು ಕುದಿಸಿ ಒಮ್ಮೆ ಚೆಲ್ಲಿ, ಮಾರನೆಯ ದಿನದಿಂದ ಹುಳಿಗೆ ಇಡಬಹುದು.